ಹನ್ನೊಂದು ಸೆಕೆಂಡಿನ ಬೈಟ್

ಬೆಂಗಳೂರಿನಲ್ಲಿ ಯಾವುದಾದರೂ ದೊಡ್ಡ ರಾಜಕಾರಣಿಯ ಮನೆ ಮುಂದೆ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನಿಂತು ನೋಡಿ. ಗೇಟಿನ ಹೊರಗೆ ಹತ್ತು ಹದಿನೈದು ಜನ ಕಾಯುತ್ತಿರುತ್ತಾರೆ. ಕೆಲವರ ಕೈಯಲ್ಲಿ ಚಾನೆಲ್ ಲೋಗೋ ಇರುವ ಮೈಕು, ಇನ್ನು ಕೆಲವರ ಹೆಗಲ ಮೇಲೆ ಕ್ಯಾಮೆರಾ. ಅವರಿಗೆ ಬೇಕಿರುವುದು ಭಾಷಣವಲ್ಲ, ಸಂದರ್ಶನವೂ ಅಲ್ಲ. 'ಸಾರ್, ಒಂದ್ ಬೈಟ್ ಸಾರ್' ಅಂತಾರೆ. ಬೈಟ್ ಅಂದರೆ ಕ್ಯಾಮೆರಾ ಮುಂದೆ ಹೇಳಿದ ಒಂದು ತುಂಡು ಮಾತು.

ಒಬ್ಬ ಸಚಿವರು ಹೊರಗೆ ಬಂದರು ಅಂದುಕೊಳ್ಳಿ. ಕುಡಿಯುವ ನೀರಿನ ಯೋಜನೆ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದರು. ಪೈಪ್‌ಲೈನ್ ಎಲ್ಲಿವರೆಗೆ ಬಂದಿದೆ, ಟೆಂಡರ್ ಯಾಕೆ ತಡವಾಯಿತು, ಬೇಸಿಗೆಗೆ ಎಷ್ಟು ಹಳ್ಳಿಗೆ ಟ್ಯಾಂಕರ್ ಬೇಕು, ಎಲ್ಲ ಹೇಳಿದರು. ಕಾರು ಹತ್ತುವಾಗ ಹಿಂದಿನಿಂದ ಯಾರೋ ಕೂಗಿದರು: 'ಸಾರ್, ನಿಮಗೆ ತಾಕತ್ತಿಲ್ಲ ಅಂದಿದ್ದಾರಲ್ಲ ಅವರು?' ಸಚಿವರು ಗಕ್ಕನೆ ತಿರುಗಿದರು. 'ಅವನ್ಯಾವನ್ರೀ ನನ್ನ ತಾಕತ್ತು ಕೇಳೋಕೆ?' ಕಾರಿನ ಬಾಗಿಲು ಧಡ್ ಅಂತ ಹಾಕಿಕೊಂಡಿತು. ಎಲ್ಲ ಸೇರಿ ಹನ್ನೊಂದು ಸೆಕೆಂಡ್.

ಆ ಹನ್ನೆರಡು ನಿಮಿಷ ಎಲ್ಲಿ ಹೋಯಿತು, ಈ ಹನ್ನೊಂದು ಸೆಕೆಂಡ್ ಎಲ್ಲೆಲ್ಲಿ ಸುತ್ತಿತು ಅಂತ ಬೆನ್ನು ಹತ್ತಿ ನೋಡಿದರೆ ಸಾಕು. ಟಿವಿ ಮತ್ತು ಮೊಬೈಲ್ ಸೇರಿ ರಾಜಕೀಯಕ್ಕೆ ಏನು ಮಾಡಿವೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಮೊದಲು ಟಿವಿ. ಸಚಿವರ ಕಾರು ಸಿಗ್ನಲ್ ದಾಟುವಷ್ಟರಲ್ಲಿ ಪರದೆ ಮೇಲೆ ಕೆಂಪು ಪಟ್ಟಿ ಬಂದಿರುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಎದುರಾಳಿಗೆ ಫೋನ್ ಹೋಗುತ್ತದೆ: 'ಸಾರ್, ಹೀಗಂದಿದ್ದಾರೆ, ನಿಮ್ಮ ರಿಯಾಕ್ಷನ್?' ಅವರೂ ಒಂದು ಖಾರದ ಮಾತು ಹೇಳುತ್ತಾರೆ. ಈಗ ಎರಡು ಬೈಟ್ ಆಯಿತು. ಎರಡು ಬೈಟ್ ಇದ್ದರೆ 'ಜಟಾಪಟಿ' ಅಂತ ಹೆಸರಿಡಬಹುದು. ರಾತ್ರಿ ಪ್ಯಾನೆಲ್ ಚರ್ಚೆಗೆ ವಿಷಯ ಸಿಕ್ಕಿತು. ನೀರಿನ ಸುದ್ದಿ ವರದಿಗಾರ ಕಳಿಸಿರುತ್ತಾನೆ, ಡೆಸ್ಕ್‌ನಲ್ಲಿ ಅದು ಬಿದ್ದಿರುತ್ತದೆ. ಎಷ್ಟೋ ಸಲ ಆ ಹುಡುಗನಿಗೇ ಬೇಜಾರಾಗಿರುತ್ತದೆ. ಅವನ ಊರಲ್ಲೂ ನೀರಿಲ್ಲ.

ಇದಕ್ಕೆ ವರದಿಗಾರರನ್ನು ಬೈದು ಪ್ರಯೋಜನವಿಲ್ಲ. ಇದರ ಹಿಂದೆ ಒಂದು ಮೀಟರ್ ಇದೆ. ನಮ್ಮ ಮನೆಯ ಕರೆಂಟ್ ಮೀಟರ್ ಇದ್ದ ಹಾಗೆಯೇ.

ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಅಂತ ಲೆಕ್ಕ ಹಾಕುವ ಸಂಸ್ಥೆ ಬಾರ್ಕ್. ಅದು ಕೆಲವು ಮನೆಗಳನ್ನು ಆರಿಸಿ ಟಿವಿಗೆ ಒಂದು ಸಣ್ಣ ಪೆಟ್ಟಿಗೆ ಕೂರಿಸುತ್ತದೆ. ಪ್ರತಿ ಚಾನೆಲ್‌ನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿರುತ್ತದೆ. ಪೆಟ್ಟಿಗೆ ಅದನ್ನು ಹಿಡಿದು ಈಗ ಯಾವ ಚಾನೆಲ್ ಓಡುತ್ತಿದೆ ಅಂತ ಬರೆದುಕೊಳ್ಳುತ್ತದೆ. ಮನೆಯ ಅಜ್ಜಿಗೆ ಒಂದು ಬಟನ್, ಮಗನಿಗೆ ಒಂದು ಬಟನ್. ಯಾರು ಟಿವಿ ಮುಂದೆ ಕೂರುತ್ತಾರೋ ಅವರು ತಮ್ಮ ಬಟನ್ ಒತ್ತಬೇಕು. 2020ರಲ್ಲಿ ದೇಶದಲ್ಲಿ ಸುಮಾರು 21 ಕೋಟಿ ಮನೆಗಳಲ್ಲಿ ಟಿವಿ ಇತ್ತು. ಈ ಪೆಟ್ಟಿಗೆ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಅಂದರೆ ಒಂದೊಂದು ಮನೆಯೂ ಹೆಚ್ಚುಕಡಿಮೆ ನಾಲ್ಕು ಮುಕ್ಕಾಲು ಸಾವಿರ ಮನೆಗಳ ಪರವಾಗಿ ರಿಮೋಟ್ ಒತ್ತುತ್ತಿತ್ತು. ಸ್ಯಾಂಪಲ್ ಲೆಕ್ಕ ಅಂದಮೇಲೆ ಹೀಗೇ ಇರುತ್ತದೆ, ಅದೇನೂ ತಪ್ಪಲ್ಲ. ಆದರೆ ಕನ್ನಡ ನ್ಯೂಸ್ ಚಾನೆಲ್‌ಗಳಂಥ ಸಣ್ಣ ಮಾರುಕಟ್ಟೆಯಲ್ಲಿ ಕೆಲವೇ ಮನೆಗಳು ಅತ್ತಿತ್ತ ಆದರೂ ಮೊದಲನೇ ಸ್ಥಾನದಲ್ಲಿದ್ದವರು ಕೆಳಗಿಳಿಯಬಹುದು. ಜಾಹೀರಾತಿನ ದರ ನಿಲ್ಲುವುದು ಈ ಅಂಕಿಯ ಮೇಲೆ. ಇಂಥ ಮನೆಗಳಿಗೆ ದುಡ್ಡು ಕೊಟ್ಟು ಚಾನೆಲ್ ಹಾಕಿಸಿದರು ಅನ್ನುವ ಆರೋಪ 2020ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ಎದ್ದಿತು. ಬಾರ್ಕ್ ನ್ಯೂಸ್ ಚಾನೆಲ್‌ಗಳ ರೇಟಿಂಗ್ ಕೊಡುವುದನ್ನೇ ನಿಲ್ಲಿಸಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ.

ಆ ಹದಿನೇಳು ತಿಂಗಳು ಮೀಟರ್ ಇರಲಿಲ್ಲ. ಕೂಗಾಟ ಕಡಿಮೆಯಾಯಿತಾ? ನನಗಂತೂ ಹಾಗೇನೂ ಅನ್ನಿಸಲಿಲ್ಲ. ಅಭ್ಯಾಸ ಅಷ್ಟು ಬೇಗ ಬಿಡುತ್ತದಾ?

ಹೀಗೆ ಮೊದಲಿನಿಂದಲೂ ಇರಲಿಲ್ಲ. ದೂರದರ್ಶನ ಒಂದೇ ಇದ್ದಾಗ ಸಮಸ್ಯೆ ಬೇರೆಯಿತ್ತು. ಅಲ್ಲಿ ಜಗಳವೇ ಇರಲಿಲ್ಲ, ಯಾಕೆಂದರೆ ಸರ್ಕಾರದ ಮಾತು ಬಿಟ್ಟರೆ ಬೇರೆ ಮಾತಿಗೆ ಜಾಗವೇ ಕಡಿಮೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯಾಯಿತು. ಅವರ ಅಂತ್ಯಕ್ರಿಯೆಯನ್ನು ಟಿವಿ ಇದ್ದ ಮನೆಗಳ ಮುಂದೆ ಕೇರಿಗೆ ಕೇರಿಯೇ ಕೂತು ನೋಡಿತು. ಚಿತೆಯ ಪಕ್ಕ ನಿಂತ ಮಗನ ಮುಖವನ್ನೂ ನೋಡಿತು. ಡಿಸೆಂಬರ್‌ನ ಚುನಾವಣೆಯಲ್ಲಿ ಕಾಂಗ್ರೆಸ್ 400 ದಾಟಿತು. ಟಿವಿಯಿಂದಲೇ ಗೆದ್ದರು ಅಂತಲ್ಲ. ಆದರೆ ದುಃಖ ಮನೆಯೊಳಗೆ ಬಂದು ಕೂತಿತ್ತು. ಆಮೇಲೆ 1987ರಲ್ಲಿ ಭಾನುವಾರದ ರಾಮಾಯಣ ಧಾರಾವಾಹಿ ಬಂತು. ಅದರ ಸೀತೆ ಮತ್ತು ರಾವಣ ಇಬ್ಬರೂ 1991ರಲ್ಲಿ ಗುಜರಾತಿನಿಂದ ಬಿಜೆಪಿ ಟಿಕೆಟ್ ಮೇಲೆ ಲೋಕಸಭೆಗೆ ಹೋದರು. ಪರದೆ ಮೇಲೆ ಒಬ್ಬರನ್ನೊಬ್ಬರು ಕಂಡರಾಗದವರು, ಸಂಸತ್ತಿನಲ್ಲಿ ಒಂದೇ ಕಡೆ ಬೆಂಚು!

1995ರಲ್ಲಿ ಸುಪ್ರೀಂ ಕೋರ್ಟ್ ಟಿವಿ, ರೇಡಿಯೊ ಪ್ರಸಾರವಾಗುವ ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರದ ಸ್ವತ್ತಲ್ಲ ಅಂತ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಕೇಬಲ್‌ನವರು ಡಿಶ್ ಛತ್ರಿ ಹಾಕಿ, ತೆಂಗಿನ ಮರದಿಂದ ಮರಕ್ಕೆ ವೈರ್ ಎಳೆದು ಆಗಿತ್ತು. ಉದಯ ಟಿವಿ 1994ರಲ್ಲಿ ಬಂತು. 2006ರ ಕೊನೆಯಲ್ಲಿ ಟಿವಿ9 ಬಂದಮೇಲೆ 24 ಗಂಟೆಯೂ ಕನ್ನಡದಲ್ಲಿ ಸುದ್ದಿ ನೋಡುವುದು ಮನೆಮಾತಾಯಿತು. ಸರ್ಕಾರದ ಹಿಡಿತ ಹೋಯಿತು, ಸರಿ. ಆ ಜಾಗಕ್ಕೆ ಮಾಲೀಕರು ಬಂದರು. ಪಕ್ಕದ ತಮಿಳುನಾಡಿನಲ್ಲಿ ಯಾವ ಚಾನೆಲ್ ಯಾವ ಪಕ್ಷದ್ದು ಅಂತ ಮಕ್ಕಳಿಗೂ ಗೊತ್ತು, ಅಲ್ಲಿ ಮುಚ್ಚುಮರೆ ಇಲ್ಲ. ನಮ್ಮಲ್ಲೂ 2007ರಲ್ಲಿ ಶುರುವಾದ ಕಸ್ತೂರಿ ಟಿವಿ ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬದ್ದಾಗಿತ್ತು. ಸುವರ್ಣ ನ್ಯೂಸ್ ಹಿಂದೆ ರಾಜೀವ್ ಚಂದ್ರಶೇಖರ್ ಅವರ ಕಂಪನಿಯ ಬಂಡವಾಳವಿತ್ತು. ಅವರು ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು. ಕಾಫಿ ಪುಡಿಯ ಪ್ಯಾಕೆಟ್ ಮೇಲೆ ಚಿಕೋರಿ ಎಷ್ಟು ಅಂತ ಬರೆದಿರುತ್ತಾರೆ. ನ್ಯೂಸ್ ಚಾನೆಲ್ ಮೇಲೆ ಹಾಗೆ ಬರೆಯುವ ಪದ್ಧತಿ ಇಲ್ಲ.

ಈಗ ನಮ್ಮ ಸಚಿವರ ಹನ್ನೊಂದು ಸೆಕೆಂಡಿಗೆ ವಾಪಸ್ ಬರೋಣ.

ನಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಟಿವಿಗೆ ಸೌಂಡ್ ಇಟ್ಟಿರುವುದಿಲ್ಲ. ಬರೀ ಕೆಂಪು ಅಕ್ಷರ ಓಡುತ್ತಿರುತ್ತದೆ. ಅದರ ಕೆಳಗೆ ಇಡ್ಲಿ ತಿನ್ನುತ್ತಾ ಕೂತವರ ಕೈಯಲ್ಲಿ ಫೋನು. ಅದರಲ್ಲೂ ಅದೇ ಸಚಿವರು, ಆದರೆ ಈಗ ಹಿನ್ನೆಲೆಯಲ್ಲಿ ಢಂಢಂ ಸಂಗೀತ, ನಿಧಾನಕ್ಕೆ ತಿರುಗುವ ತಲೆ, ಬಾಗಿಲು ಹಾಕುವಾಗ ಬೆಂಕಿಯ ಎಫೆಕ್ಟ್. ಅದು ಅವರ ಅಭಿಮಾನಿ ಪೇಜ್‌ನವರು ಮಾಡಿದ ರೀಲ್. ಪಕ್ಕದ ಟೇಬಲ್‌ನಲ್ಲಿ ಇನ್ನೊಂದು ಫೋನು. ಅದೇ ಬೈಟ್, ಆದರೆ ಕೊನೆಗೆ ಹಳೇ ಸಿನಿಮಾದ ಹಾಸ್ಯ ನಟರ ಮುಖ, ನಗುವಿನ ಸದ್ದು. ಅದು ಟ್ರೋಲ್ ಪೇಜ್‌ನದ್ದು. ಒಂದೇ ಮಾತು, ಇಬ್ಬರಿಗೆ ಎರಡು ಥರ ತಲುಪಿತು. ಯಾವುದರ ಬಗ್ಗೆ ಮಾತಾಡಬೇಕು ಅಂತ ಟಿವಿ ಹೇಳಿತು. ಅದಕ್ಕೆ ಚಪ್ಪಾಳೆ ಹೊಡೆಯಬೇಕಾ, ನಗಬೇಕಾ, ಉರಿದುಕೊಳ್ಳಬೇಕಾ ಅಂತ ಫೋನು ಹೇಳಿತು. ಇವೆರಡೂ ಬೇರೆ ಬೇರೆ ಮಾಧ್ಯಮ ಅಂತ ನಾವು ಮಾತಾಡುತ್ತೇವೆ. ನಿಜವಾಗಿ ಎರಡೂ ಒಂದೇ ಗಾಣಕ್ಕೆ ಕಟ್ಟಿದ ಎತ್ತುಗಳು.

ಈ ಇಬ್ಬರಿಗೆ ಯಾವ ವಿಡಿಯೊ ತೋರಿಸಬೇಕು ಅಂತ ತೀರ್ಮಾನಿಸಿದವರು ಯಾರು? ಮನುಷ್ಯರಲ್ಲ, ಲೆಕ್ಕ. ಅದನ್ನೇ ಅಲ್ಗಾರಿದಂ ಅನ್ನುತ್ತಾರೆ. ನೀವು ಯಾವ ವಿಡಿಯೊ ಮೇಲೆ ಎಷ್ಟು ಹೊತ್ತು ನಿಂತಿರಿ, ಯಾವುದಕ್ಕೆ ಕಾಮೆಂಟ್ ಹಾಕಿದಿರಿ, ಯಾವುದನ್ನು ಬೇರೆಯವರಿಗೆ ಕಳಿಸಿದಿರಿ ಅಂತ ನೋಡಿಕೊಂಡು ಅಂಥದ್ದನ್ನೇ ಇನ್ನಷ್ಟು ಬಡಿಸುತ್ತದೆ. ಅದಕ್ಕೆ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಅಂತ ಗೊತ್ತಿಲ್ಲ. ನಿಮ್ಮನ್ನು ಇನ್ನೂ ಸ್ವಲ್ಪ ಹೊತ್ತು ಕೂರಿಸಿಕೊಳ್ಳುವುದು ಗೊತ್ತು. ಒಂದು ಉದಾಹರಣೆ ಕೊಡುತ್ತೇನೆ. 2017ರಲ್ಲಿ ಫೇಸ್‌ಬುಕ್ ತನ್ನ ಲೆಕ್ಕದಲ್ಲಿ ಒಂದು ಲೈಕ್‌ಗಿಂತ ಒಂದು ಎಮೋಜಿಗೆ ಐದು ಪಟ್ಟು ತೂಕ ಕೊಟ್ಟಿತ್ತು. ಆ ಎಮೋಜಿಗಳಲ್ಲಿ ಕೋಪದ ಕೆಂಪು ಮುಖವೂ ಒಂದು. ಇದು ಹೊರಗೆ ಬಂದದ್ದು 2021ರಲ್ಲಿ, ಕಂಪನಿಯೊಳಗಿನ ಕಾಗದಪತ್ರಗಳು ಸೋರಿದಾಗ. ಅಷ್ಟರಲ್ಲಿ ಕೋಪದ ತೂಕವನ್ನು ಸೊನ್ನೆಗೆ ಇಳಿಸಿದ್ದರು. ಆದರೆ ಆ ತೂಕ ಐದು ಪಟ್ಟು ಇದ್ದಷ್ಟು ದಿನ ನೀರಿನ ಪೈಪ್‌ಲೈನ್ ಬಗ್ಗೆ ಬರೆದು ಐದು ಲೈಕ್ ತಗೊಂಡವರೂ, 'ಅವನ್ಯಾವನ್ರೀ' ಅಂದು ಒಬ್ಬನಿಗೆ ಸಿಟ್ಟು ಬರಿಸಿದವರೂ ಆ ಲೆಕ್ಕದಲ್ಲಿ ಸಮ.

ವಾಟ್ಸ್ಯಾಪ್ ಕಥೆ ಬೇರೆ. ಅಲ್ಲಿ ಅಲ್ಗಾರಿದಂ ಇಲ್ಲ, ಚಿಕ್ಕಪ್ಪ ಇದ್ದಾರೆ. ಮದುವೆಗೆ ಅಂತ ಮಾಡಿದ ಗ್ರೂಪು ಮದುವೆ ಮುಗಿದರೂ ಮುಗಿಯುವುದಿಲ್ಲ. ಅದರಲ್ಲಿ ಬಂದ ಸುದ್ದಿಗೆ ಚಾನೆಲ್‌ನ ಲೋಗೋಗಿಂತ ದೊಡ್ಡ ಸೀಲು ಇರುತ್ತದೆ, ಕಳಿಸಿದವರು ನಮ್ಮವರು ಅನ್ನುವುದು. ಒಬ್ಬರಿಂದ ಒಬ್ಬರಿಗೆ ಹೋಗುವ ಮೆಸೇಜ್ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೋದ ಹಾಗೆ. ಒಳಗೇನಿದೆ ಅಂತ ಕಂಪನಿಗೂ ಕಾಣುವುದಿಲ್ಲ. ಆದ್ದರಿಂದ ಸುಳ್ಳು ಹೊರಟರೆ ಎದುರಾಳಿಗೆ ಅದು ಹೊರಟಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಟಿವಿಯಲ್ಲಿ ಸುಳ್ಳು ಹೇಳಿದರೆ ಪ್ರತಿಹೇಳಿಕೆ ಕೊಡಬಹುದು. ಇಲ್ಲಿ ಯಾರಿಗೆ ಅಂತ ಕೊಡುತ್ತೀರಿ?

ಇದು ಎಲ್ಲಿವರೆಗೆ ಹೋಗಬಹುದು ಅಂತ ಬೀದರ್ ಜಿಲ್ಲೆ ನೋಡಿದೆ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನುವ ಗುಮಾನಿ ಎದ್ದಿತು, ವಿಡಿಯೊ ಗ್ರೂಪ್‌ಗಳಿಗೆ ಹೋಯಿತು. ಅವರ ಕಾರು ಮುರ್ಕಿ ಗ್ರಾಮಕ್ಕೆ ಬರುವಷ್ಟರಲ್ಲಿ ಜನ ದಾರಿ ಕಟ್ಟಿ ನಿಂತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಕಾರಿಗಿಂತ ಮೆಸೇಜ್ ಮುಂದೆ ಓಡಿತ್ತು. ಅದೇ ತಿಂಗಳು ವಾಟ್ಸ್ಯಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿತು. 2020ರಲ್ಲಿ, ತುಂಬಾ ಕೈ ದಾಟಿ ಬಂದ ಮೆಸೇಜ್ ಆದರೆ ಒಂದೇ ಕಡೆ ಅಂತ ಬಿಗಿ ಮಾಡಿತು. ಅದರಿಂದ ಉಪಯೋಗ ಆಯಿತು. ಆದರೆ ವಿಡಿಯೊ ಡೌನ್‌ಲೋಡ್ ಮಾಡಿ ಮತ್ತೆ ಹೊಸದಾಗಿ ಹಾಕಿದರೆ ಆ ಎಣಿಕೆ ಸೊನ್ನೆಯಿಂದ ಶುರು. ಚುನಾವಣೆಯ ವಾರ್ ರೂಮ್‌ನಲ್ಲಿ ಕೂತ ಹುಡುಗರಿಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ.

ಹಾಗಾದರೆ ಇದೆಲ್ಲ ವೋಟಾಗುತ್ತದಾ? ಎಲ್ಲರೂ ಕೇಳುವ ಪ್ರಶ್ನೆ. ಮಂಡ್ಯಕ್ಕೆ ಹೋಗೋಣ.

2019ರ ಲೋಕಸಭೆ ಚುನಾವಣೆ. ಒಂದು ಕಡೆ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ಅವರ ಮಗ ನಿಖಿಲ್, ಇನ್ನೊಂದು ಕಡೆ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್. ಯಾರೋ ಹಳೇ ಸಿನಿಮಾ ಕಾರ್ಯಕ್ರಮವೊಂದರ ವಿಡಿಯೊ ಹೆಕ್ಕಿ ತೆಗೆದರು. ಅದರಲ್ಲಿ ಕುಮಾರಸ್ವಾಮಿ ವೇದಿಕೆಯಿಂದ 'ನಿಖಿಲ್ ಎಲ್ಲಿದ್ದೀಯಪ್ಪ' ಅಂತ ಮಗನನ್ನು ಕರೆಯುತ್ತಾರೆ. ಅಪ್ಪ ಮಗನನ್ನು ಕರೆದದ್ದು, ಅಷ್ಟೇ. ಆದರೆ ಆ ಚುನಾವಣೆಯ ಹೊತ್ತಿಗೆ 'ಕುಟುಂಬ ರಾಜಕಾರಣ' ಅಂತ ಗಂಟೆಗಟ್ಟಲೆ ಮಾಡಬೇಕಾದ ಭಾಷಣವನ್ನು ಆ ಎರಡು ಪದ ಮಾಡಿ ಮುಗಿಸಿತು. ಟಿಕ್‌ಟಾಕ್‌ನಲ್ಲಿ ಮಕ್ಕಳು ಮಾಡಿದರು, ಆಟೊ ಹಿಂದೆ ಬರೆಸಿದರು, ಕಾಲೇಜಿನಲ್ಲಿ ಹಾಜರಿ ಕರೆಯುವಾಗ ಕೂಗಿದರು. ಟಿವಿಯವರು ಅದನ್ನೇ ಸುದ್ದಿ ಮಾಡಿದರು. ಸುದ್ದಿಯಾದಮೇಲೆ ಇನ್ನಷ್ಟು ಮೀಮ್, ಅಂದರೆ ಅದನ್ನೇ ಇಟ್ಟುಕೊಂಡು ಮಾಡಿದ ತಮಾಷೆ ತುಣುಕು, ಬಂತು. ಸುಮಲತಾ 1 ಲಕ್ಷ 25 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು.

ಮೀಮ್ ಗೆಲ್ಲಿಸಿತು ಅಂತ ಆಗ ತುಂಬಾ ಜನ ಬರೆದರು. ನನಗೆ ಒಪ್ಪಿಗೆಯಿಲ್ಲ. ಅಂಬರೀಶ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಬಿಜೆಪಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತ್ತು. ಮೈತ್ರಿಯಲ್ಲಿದ್ದ ಕಾಂಗ್ರೆಸ್‌ನ ಊರು ಮಟ್ಟದ ಕಾರ್ಯಕರ್ತರು ಎಷ್ಟೋ ವರ್ಷ ಜೆಡಿಎಸ್ ಜೊತೆ ಬಡಿದಾಡಿದವರು, ರಾತ್ರೋರಾತ್ರಿ ಅಪ್ಪಿಕೊಳ್ಳಲು ಅವರಿಂದ ಆಗಲಿಲ್ಲ. ಮೀಮ್ ಆ ಸಿಟ್ಟಿಗೆ ನಗುವ ಮುಖ ಕೊಟ್ಟಿತು, ಹೊಸ ಸಿಟ್ಟು ಹುಟ್ಟಿಸಲಿಲ್ಲ. ಇದಕ್ಕೆ ಪುರಾವೆ ಬೇಕಾದರೆ ಐದು ವರ್ಷ ಮುಂದೆ ಹೋಗಿ. 2024ರಲ್ಲಿ ಅದೇ ಮಂಡ್ಯ, ಅದೇ ಕುಟುಂಬ, ಮೀಮ್ ಇನ್ನೂ ಜೀವಂತ. ಕುಮಾರಸ್ವಾಮಿ 2 ಲಕ್ಷ 84 ಸಾವಿರ ಮತಗಳ ಅಂತರದಲ್ಲಿ ಗೆದ್ದರು. ಈ ಸಲ ಬಿಜೆಪಿ ಅವರ ಜೊತೆಗಿತ್ತು. ಊರಿನ ಲೆಕ್ಕಾಚಾರ ಬದಲಾದರೆ ಮೀಮ್ ಬರೀ ಮೀಮ್.

ಮಂಡ್ಯದ್ದು ತಾನಾಗಿ ಹುಟ್ಟಿದ್ದು. ಬೇಕಂತಲೇ ಹುಟ್ಟಿಸಿದ್ದು ನೋಡಬೇಕಾದರೆ 2022ರ ಸೆಪ್ಟೆಂಬರ್‌ನ 'ಪೇ ಸಿಎಂ'. ಕಾಮಗಾರಿಗೆ 40 ಪರ್ಸೆಂಟ್ ಕಮಿಷನ್ ಕೊಡಬೇಕು ಅಂತ ಗುತ್ತಿಗೆದಾರರ ಸಂಘ ಮೊದಲೇ ಪ್ರಧಾನಿಗೆ ಪತ್ರ ಬರೆದು ಆರೋಪಿಸಿತ್ತು. ಪತ್ರವನ್ನು ಯಾರು ಓದುತ್ತಾರೆ? ಕಾಂಗ್ರೆಸ್ ಬೆಂಗಳೂರಿನ ಗೋಡೆಗಳ ಮೇಲೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವಿರುವ ಕ್ಯೂಆರ್ ಕೋಡ್ ಅಂಟಿಸಿತು. ಎಳನೀರು ಗಾಡಿಯಲ್ಲಿ, ಪಾನಿಪುರಿ ಅಂಗಡಿಯಲ್ಲಿ ದಿನಾ ನೋಡುವ ಅದೇ ಚೌಕ. ಸ್ಕ್ಯಾನ್ ಮಾಡಿದರೆ ಪಕ್ಷದ ವೆಬ್‌ಸೈಟ್. ಗೋಡೆಗೆ ಅಂಟಿಸಿದ ಪೋಸ್ಟರ್ ನೋಡಿದವರು ಕೆಲವೇ ಸಾವಿರ ಜನ ಇರಬಹುದು. ಆದರೆ ಪೊಲೀಸರು ಅದನ್ನು ಕೀಳುವುದನ್ನು, ಅಂಟಿಸಿದವರನ್ನು ಹಿಡಿಯುವುದನ್ನು ಟಿವಿ ಇಡೀ ರಾಜ್ಯಕ್ಕೆ ತೋರಿಸಿತು. ಆಮೇಲೆ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ತಾವೇ ಅಂಟಿಸಲು ರಸ್ತೆಗಿಳಿದರು, ಅದೂ ಲೈವ್. ಕಿತ್ತಷ್ಟೂ ಹರಡಿತು. ಸರ್ಕಾರ ಸುಮ್ನೆ ಇದ್ದಿದ್ದರೆ ಮಳೆಗೆ ನೆನೆದು ಬಿದ್ದುಹೋಗುವ ಕಾಗದ ಅದು. ಗೋಡೆ, ಟಿವಿ, ಫೋನು ಮೂರೂ ಒಂದಕ್ಕೊಂದು ಹೇಗೆ ಎಣ್ಣೆ ಹೊಯ್ಯುತ್ತವೆ ಅಂತ ಅಷ್ಟು ಚೆನ್ನಾಗಿ ತಿಳಿದು ಮಾಡಿದ ಪ್ರಚಾರವನ್ನು ನಾನು ಕನ್ನಡದಲ್ಲಿ ಬೇರೆ ಕಂಡಿಲ್ಲ.

ಇಷ್ಟೆಲ್ಲ ಬೈದಮೇಲೆ ಕ್ಯಾಮೆರಾದ ಋಣವನ್ನೂ ಹೇಳಬೇಕು. 2012ರ ಫೆಬ್ರವರಿಯಲ್ಲಿ ಸದನದೊಳಗೆ ಸಚಿವರು ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದು ಟಿವಿ ಕ್ಯಾಮೆರಾಗೆ ಸಿಕ್ಕಿತು. ಮಾರನೇ ದಿನವೇ ಮೂವರು ಸಚಿವರು ರಾಜೀನಾಮೆ ಕೊಡಬೇಕಾಯಿತು. 2018ರ ಮೇ 19ರಂದು ಯಡಿಯೂರಪ್ಪ ಅವರ ವಿಶ್ವಾಸಮತದ ದಿನ ಕಲಾಪ ನೇರ ಪ್ರಸಾರ ಆಗಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಮುಚ್ಚಿದ ಬಾಗಿಲ ಹಿಂದೆ ಲೆಕ್ಕ ಮಾಡಿದರೆ ಯಾರೂ ನಂಬುವುದಿಲ್ಲ ಅನ್ನುವ ಸ್ಥಿತಿ ಅದು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಘೋಷಿಸಿದ್ದನ್ನು ರಾಜ್ಯವೆಲ್ಲ ಕಣ್ಣಾರೆ ನೋಡಿತು. ಮುಂದಿನ ವರ್ಷ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಲ್ಲಿ ಬಿದ್ದಾಗಲೂ ಹಾಗೆಯೇ, ದಿನಗಟ್ಟಲೆ. ನಮ್ಮ ಮನೆಯಲ್ಲಿ ಧಾರಾವಾಹಿ ಬಿಟ್ಟು ಕಲಾಪ ನೋಡಿದ್ದು ಅದೊಂದೇ ಸಲ. ಮೂರು ತಿಂಗಳಲ್ಲಿ, 2019ರ ಅಕ್ಟೋಬರ್ ಅಧಿವೇಶನಕ್ಕೆ, ಖಾಸಗಿ ಚಾನೆಲ್‌ಗಳ ಕ್ಯಾಮೆರಾ ಸದನದೊಳಗೆ ಬರುವಂತಿಲ್ಲ ಅಂತ ಆಯಿತು. ಅಧಿಕೃತವಾಗಿ ಕೊಟ್ಟ ದೃಶ್ಯವನ್ನೇ ಬಳಸಬೇಕು. ಹಾಗಾಗಿ ಕ್ಯಾಮೆರಾ ಎಲ್ಲಿ ತಿರುಗಬೇಕು ಅನ್ನುವುದು ಒಳಗಿನವರ ಕೈಗೆ ಹೋಯಿತು. ಶಾಸಕ ಯಾರಾದರೂ ಕುರ್ಚಿಯಲ್ಲಿ ನಿದ್ದೆ ಮಾಡಿದರೆ ಅದು ನಮಗೆ ಕಾಣಲೇಬೇಕೆಂದಿಲ್ಲ.

ಕಾನೂನು ಇವೆಲ್ಲದರ ಹಿಂದೆ ಏದುಸಿರು ಬಿಡುತ್ತಾ ಬರುತ್ತಿದೆ. ಪ್ರಜಾಪ್ರತಿನಿಧಿ ಕಾಯ್ದೆ 1951ರದ್ದು. ಮತದಾನ ಮುಗಿಯುವ ಮುಂಚಿನ 48 ಗಂಟೆ ಆ ಕ್ಷೇತ್ರದಲ್ಲಿ ಪ್ರಚಾರ ನಿಲ್ಲಬೇಕು ಅನ್ನುವುದು ಅದರ 126ನೇ ಸೆಕ್ಷನ್. ಅದು ಟಿವಿಗೂ ಅನ್ವಯಿಸುತ್ತದೆ ಅಂತ ಸೇರಿಸಿದ್ದು 1996ರಲ್ಲಿ. ಮನಸ್ಸು ತಣ್ಣಗಾಗಿ ಯೋಚನೆ ಮಾಡಲಿ ಅಂತ ಬಿಟ್ಟ ಹೊತ್ತು ಅದು. ಈಗ 2024ರ ಲೋಕಸಭೆ ಚುನಾವಣೆ ನೋಡಿ. ಕರ್ನಾಟಕದಲ್ಲಿ ಎರಡು ಹಂತ. ಏಪ್ರಿಲ್ 26ರಂದು ಮಂಡ್ಯ, ಮೈಸೂರು, ಬೆಂಗಳೂರು ಕಡೆಯ 14 ಕ್ಷೇತ್ರ. ಮೇ 7ರಂದು ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯ 14. ಏಪ್ರಿಲ್ 25ರಂದು ಮಂಡ್ಯದಲ್ಲಿ ಮೈಕ್ ಕಟ್ಟಿದರೆ ಕೇಸು. ಆದರೆ ಉತ್ತರ ಕರ್ನಾಟಕದಲ್ಲಿ ಪ್ರಚಾರಕ್ಕೆ ತಡೆಯಿಲ್ಲ, ಟಿವಿಯಲ್ಲಿ ಅದು ಮಂಡ್ಯಕ್ಕೂ ಬರುತ್ತದೆ. ಫೋನಿಗೆ ಬರುವುದನ್ನು ಎಣಿಸುವವರೇ ಇಲ್ಲ. ಇದನ್ನೆಲ್ಲ ಸರಿ ಮಾಡುವುದು ಹೇಗೆ ಅಂತ ಚುನಾವಣಾ ಆಯೋಗದ ಸಮಿತಿ 2019ರ ಜನವರಿಯಲ್ಲೇ ವರದಿ ಕೊಟ್ಟಿತ್ತು. ದುಡ್ಡಿನ ವಿಷಯವೂ ಹೀಗೇ. 2024ರಲ್ಲಿ ಕರ್ನಾಟಕದ ಲೋಕಸಭೆ ಅಭ್ಯರ್ಥಿ 95 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿರಲಿಲ್ಲ. ಪಕ್ಷಕ್ಕೆ ಮಿತಿಯೇ ಇಲ್ಲ. 'ಅಣ್ಣನ ಅಭಿಮಾನಿಗಳು' ಅನ್ನುವ ಪೇಜ್ ಯಾರ ಲೆಕ್ಕಕ್ಕೆ ಬರುತ್ತದೆ ಅಂತ ಹೇಳುವುದು ಕಷ್ಟ. ಟ್ರೋಲ್ ಪೇಜ್‌ಗಳು ದುಡ್ಡು ತಗೊಂಡು ಪೋಸ್ಟ್ ಹಾಕುವುದು ಗುಟ್ಟೇನಲ್ಲ, ಆದರೆ ರಸೀದಿ ಇಟ್ಟುಕೊಂಡವರು ಯಾರು?

ಆ ಏಪ್ರಿಲ್ 26ರ ಬೆಳಿಗ್ಗೆ ನಮ್ಮ ಮತಗಟ್ಟೆ ಇದ್ದ ಶಾಲೆಯಿಂದ ನೂರು ಮೀಟರ್‌ಗೆ ರಸ್ತೆ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಅದರಾಚೆ ಪ್ರಚಾರ ಮಾಡುವ ಹಾಗಿರಲಿಲ್ಲ, ಮೊಬೈಲ್ ತರುವ ಹಾಗಿರಲಿಲ್ಲ. ಶಾಲು ಹಾಕಿಕೊಂಡು ಬಂದ ಒಬ್ಬ ಹುಡುಗನ ಹತ್ತಿರ ಪೊಲೀಸರು ಶಾಲು ತೆಗೆಸಿ ಕಳಿಸಿದರು. ನನ್ನ ಮುಂದೆ ಇದ್ದ ಹಿರಿಯರೊಬ್ಬರು ಗೆರೆ ಹತ್ತಿರ ಬಂದು ನಿಂತರು. ಕೈಯಲ್ಲಿದ್ದ ಫೋನಿನಲ್ಲಿ ಯಾವುದೋ ನಾಯಕರ ರೀಲ್ ಓಡುತ್ತಿತ್ತು, ಅದೇ ಢಂಢಂ ಸಂಗೀತ. ಗೆರೆಯ ಈಚೆಯೇ ನಿಂತು ಅದನ್ನು ಪೂರ್ತಿ ನೋಡಿದರು. ಆಮೇಲೆ ಫೋನು ಹೆಂಡತಿ ಕೈಗೆ ಕೊಟ್ಟು, ಚೀಟಿ ಹುಡುಕಿಕೊಂಡು, ಗೆರೆ ದಾಟಿ ಒಳಗೆ ಹೋದರು.